ಮಗುವನ್ನು ಮೊದಲ ಸಲ ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ಯುವ ಮುನ್ನ, ಕರೆದೊಯ್ದಾಗ, ಕರೆತಂದ ಮೇಲೆ

ಹಾಸನ, ಚಿಕ್ಕಮಗಳೂರು ಕಡೆಯ ಎಷ್ಟೋ ಮಕ್ಕಳು ಹಲ್ಲಿನ ಡಾಕ್ಟರ ಮುಖವನ್ನು ಮೊದಲು ನೋಡುವುದು ಕೆನ್ನೆ ಊದಿಕೊಂಡ ಮೇಲೆ. ರಾತ್ರಿಯಿಡೀ ಅತ್ತು ಸುಸ್ತಾದ ಮಗು, ನಿದ್ದೆಗೆಟ್ಟ ಅಪ್ಪ ಅಮ್ಮ, ಬೆಳಗ್ಗೆ ಮೊದಲ ಬಸ್ಸು. ಅವತ್ತೇ ಇಂಜೆಕ್ಷನ್, ಅವತ್ತೇ ಹಲ್ಲು ಕೀಳುವುದು. ಆ ಮಗು ಮುಂದೆ ವರ್ಷಗಟ್ಟಲೆ ಆ ಬಾಗಿಲು ಕಂಡರೆ ಹಿಂದಕ್ಕೆ ಎಳೆಯುತ್ತದೆ.

ನೋವು ಇಲ್ಲದಿದ್ದಾಗಲೇ ಹೊರಟವರಿಗೂ ಕೆಲಸ ಕೆಡುವುದುಂಟು. ಮಗು ಕುರ್ಚಿ ಹತ್ತುವುದೇ ಇಲ್ಲ, ಬಾಯಿ ಬಿಡುವುದೇ ಇಲ್ಲ, ಹೋದ ದಾರಿಗೆ ಸುಂಕವಿಲ್ಲದೆ ವಾಪಸ್ಸು. ಕಾರಣ ಹುಡುಕಿದರೆ ಹೆಚ್ಚಿನ ಸಲ ಅದು ಹಿಂದಿನ ವಾರ ಮನೆಯಲ್ಲಿ ಆಡಿದ ಮಾತಿನಲ್ಲಿ, ಆರಿಸಿಕೊಂಡ ಹೊತ್ತಿನಲ್ಲಿ ಸಿಗುತ್ತದೆ. ಹಾಗಾಗಿ ಇಲ್ಲಿನ ಅರ್ಧಕ್ಕೂ ಹೆಚ್ಚು ಹಂತಗಳು ಮನೆಯಲ್ಲೇ ಮುಗಿಯುವಂಥವು. ಕ್ರಮ ತಪ್ಪಿಸಬೇಡಿ.

## ಹಂತ 1: ವಯಸ್ಸು ನೋಡಿ, ನೋವಿಗೆ ಕಾಯಬೇಡಿ

ಮಗುವಿಗೆ ಸಾಮಾನ್ಯವಾಗಿ 6 ತಿಂಗಳ ಆಸುಪಾಸಿನಲ್ಲಿ ಕೆಳಗಿನ ಎರಡು ಮುಂದಿನ ಹಲ್ಲು ಹುಟ್ಟುತ್ತವೆ. ಮೊದಲ ಹಲ್ಲು ಕಂಡ 6 ತಿಂಗಳೊಳಗೆ, ತಡವೆಂದರೂ ಮೊದಲ ಹುಟ್ಟುಹಬ್ಬದ ಹೊತ್ತಿಗೆ, ಮೊದಲ ಭೇಟಿ ಆಗಿರಬೇಕು. ಮಗುವಿಗೆ ಈಗಾಗಲೇ 3 ಅಥವಾ 4 ವರ್ಷವಾಗಿದ್ದರೆ ಬೇಸರ ಬೇಡ, ಈ ತಿಂಗಳಲ್ಲೇ ಒಂದು ದಿನ ಗೊತ್ತು ಮಾಡಿ.

"ಹೇಗೂ ಬೀಳೋ ಹಲ್ಲು, ಅದಕ್ಕೆ ಯಾಕೆ ದುಡ್ಡು?" ಎಂಬ ಮಾತು ಪ್ರತಿ ಮನೆಯಲ್ಲೂ ಬರುತ್ತದೆ. ಉತ್ತರ ತಿಳಿದಿರಲಿ. ಹಾಲುಹಲ್ಲು ಒಟ್ಟು 20. ಮುಂದಿನವು 6–7 ವರ್ಷಕ್ಕೆ ಬೀಳುತ್ತವೆ ನಿಜ, ಆದರೆ ಹಿಂದಿನ ದವಡೆ ಹಲ್ಲುಗಳು 10–12 ವರ್ಷದವರೆಗೂ ಕೆಲಸ ಮಾಡಬೇಕು. 4 ವರ್ಷಕ್ಕೇ ಹುಳುಕಾಗಿ ಕೀಳಿಸಿದರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲಿಕೊಳ್ಳುತ್ತದೆ, ಕೆಳಗಿರುವ ಶಾಶ್ವತ ಹಲ್ಲಿಗೆ ದಾರಿ ಸಿಗದೆ ಸೊಟ್ಟ ಬರುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕಿಂತ ದುಬಾರಿ. ಸುಮಾರು 6 ವರ್ಷಕ್ಕೆ ಹಾಲುಹಲ್ಲುಗಳ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆ, ಹೊಸದಾಗಿ ಒಂದೊಂದು ದವಡೆ ಹಲ್ಲು ಮೂಡುತ್ತದೆ. ಏನೂ ಬಿದ್ದಿಲ್ಲವಲ್ಲ, ಇದೂ ಹಾಲುಹಲ್ಲೇ ಇರಬೇಕು ಎಂದುಕೊಂಡು ಬಿಟ್ಟುಬಿಡುತ್ತಾರೆ. ಅದು ಜೀವಮಾನವಿಡೀ ಇರಬೇಕಾದ ಹಲ್ಲು.

## ಹಂತ 2: ತುಟಿ ಎತ್ತಿ ನೋಡಿ

ಡಾಕ್ಟರ ಹತ್ತಿರ ಹೋಗುವ ಮುನ್ನ ನೀವೇ ಒಮ್ಮೆ ನೋಡಿ. ಬೇಕಾಗುವುದು ಮೊಬೈಲ್ ಟಾರ್ಚು, ತೊಳೆದ ಕೈ, ಒಂದು ಒದ್ದೆ ಬಿಳಿ ಬಟ್ಟೆ. ಮಗುವನ್ನು ತೊಡೆ ಮೇಲೆ ಮಲಗಿಸಿ, ಹೆಬ್ಬೆರಳಿನಿಂದ ಮೇಲಿನ ತುಟಿಯನ್ನು ಮೂಗಿನ ಕಡೆಗೆ ಮೆಲ್ಲಗೆ ಎತ್ತಿ. ಬಟ್ಟೆಯಿಂದ ಹಲ್ಲಿನ ಪಾಚಿ ಒರೆಸಿ, ಆಮೇಲೆ ಬೆಳಕು ಬಿಡಿ. ಒರೆಸದೆ ನೋಡಿದರೆ ಮೊದಲ ಗುರುತು ಕಾಣುವುದಿಲ್ಲ.

ನೋಡಬೇಕಾದ ಜಾಗ ಮೇಲಿನ ನಾಲ್ಕು ಮುಂದಿನ ಹಲ್ಲು, ವಸಡಿಗೆ ಅಂಟಿದ ಅಂಚು. ಅಲ್ಲಿ ಸುಣ್ಣದ ಗೆರೆಯಂತೆ ಮಾಸಲು ಬಿಳಿ ಪಟ್ಟಿ ಕಂಡರೆ ಅದೇ ಹುಳುಕಿನ ಆರಂಭ. ಈ ಹಂತದಲ್ಲಿ ಕೊರೆಯದೆಯೇ ತಡೆಯಬಹುದು. ಗೆರೆ ಕಂದು ಬಣ್ಣಕ್ಕೆ ತಿರುಗಿ ಮೇಲ್ಮೈ ಒರಟಾಗಿದ್ದರೆ ಕುಳಿ ಶುರುವಾಗಿದೆ. ರಾತ್ರಿ ಬಾಟಲಿ ಹಾಲು ಕುಡಿದು ಮಲಗುವ ಮಕ್ಕಳಲ್ಲಿ ಮೇಲಿನ ಹಲ್ಲು ಹಾಳಾಗಿ ಕೆಳಗಿನವು ಚೆನ್ನಾಗಿಯೇ ಇರುತ್ತವೆ, ಏಕೆಂದರೆ ಹೀರುವಾಗ ಕೆಳಗಿನ ಹಲ್ಲನ್ನು ನಾಲಿಗೆ ಮುಚ್ಚಿಕೊಂಡಿರುತ್ತದೆ. ಕೆಳಗಿನ ಹಲ್ಲು ಮಾತ್ರ ನೋಡಿ ನೆಮ್ಮದಿಪಡುವವರು ಮೋಸಹೋಗುವುದು ಇಲ್ಲೇ.

ಆಮೇಲೆ ಬಾಯಿ ತೆರೆಸಿ ದವಡೆ ಹಲ್ಲಿನ ಗುಳಿ ನೋಡಿ. ಕಪ್ಪು ಚುಕ್ಕೆ, ಊಟ ಸಿಕ್ಕಿಕೊಳ್ಳುವ ಸಂದು, ವಸಡಿನ ಮೇಲೆ ಮೊಡವೆಯಂಥ ಗುಳ್ಳೆ ಇದ್ದರೆ ಯಾವ ಕಡೆ ಎಂದು ಬರೆದಿಡಿ. ಆ ಗುಳ್ಳೆ ನೋಯದಿರಬಹುದು. ನೋವಿಲ್ಲ ಎಂದರೆ ಕೀವು ಹೊರಹೋಗಲು ದಾರಿ ಮಾಡಿಕೊಂಡಿದೆ ಎಂದಷ್ಟೇ ಅರ್ಥ.

ಅರಸೀಕೆರೆ, ಕಡೂರು ಕಡೆಯ ಬಯಲು ಸೀಮೆಯ ಕೆಲವು ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಂಬ ಲವಣ ಹೆಚ್ಚಿರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ತಕ್ಕದ್ದಲ್ಲ. ಅಲ್ಲಿನ ದೊಡ್ಡ ಮಕ್ಕಳ ಹಲ್ಲಿನ ಮೇಲೆ ಬಿಳಿ, ಕಂದು ಕಲೆಗಳು ಕಾಣುತ್ತವೆ. ಅದು ಹುಳುಕಲ್ಲ. ಮನೆಗೆ ಬರುವುದು ಬೋರ್‌ವೆಲ್ ನೀರೋ, ಹೊಳೆ ನೀರೋ, ಫಿಲ್ಟರ್ ನೀರೋ ಎಂದು ಡಾಕ್ಟರಿಗೆ ಹೇಳಲೇಬೇಕು. ಯಾವ ಪೇಸ್ಟು, ಎಷ್ಟು ಪೇಸ್ಟು ಎಂಬುದು ಅದರ ಮೇಲೆ ನಿಂತಿದೆ.

### ಇದರಲ್ಲಿ ಒಂದಿದ್ದರೂ ಮುಂದಿನ ಹಂತ ಬಿಟ್ಟು ಇವತ್ತೇ ಹೊರಡಿ

ಕೆನ್ನೆಯ ಬಾವಿನ ಜೊತೆ ಜ್ವರ. ಬಾವು ಕಣ್ಣಿನ ಕಡೆಗೆ ಏರುತ್ತಿರುವುದು ಅಥವಾ ದವಡೆಯ ಕೆಳಗೆ ಕುತ್ತಿಗೆಗೆ ಇಳಿಯುತ್ತಿರುವುದು. ಬಾಯಿ ತೆರೆಯಲಾಗದಿರುವುದು, ಎಂಜಲು ನುಂಗಲಾಗದೆ ಜೊಲ್ಲು ಸುರಿಯುವುದು, ಉಸಿರಿಗೆ ಕಷ್ಟ. ಕೊನೆಯ ಮೂರರಲ್ಲಿ ಒಂದು ಕಂಡರೂ ಹಲ್ಲಿನ ಕ್ಲಿನಿಕ್ ಹುಡುಕುತ್ತ ಕೂರಬೇಡಿ, ನೇರವಾಗಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಬಿದ್ದು ಹಲ್ಲು ಪೂರ್ತಿ ಕಿತ್ತುಬಂದಿದ್ದರೆ ಅದು ಹಾಲುಹಲ್ಲೋ ಶಾಶ್ವತ ಹಲ್ಲೋ ನೋಡಿ. ಹಾಲುಹಲ್ಲನ್ನು ಮತ್ತೆ ಜಾಗಕ್ಕೆ ತುರುಕಬಾರದು, ಅಡಿಯಲ್ಲಿರುವ ಹೊಸ ಹಲ್ಲಿಗೆ ಏಟಾಗುತ್ತದೆ. ಶಾಶ್ವತ ಹಲ್ಲಾದರೆ ಬೇರನ್ನು ಮುಟ್ಟದೆ, ಉಜ್ಜದೆ, ತಣ್ಣನೆ ಹಾಲಿನಲ್ಲಿ ಮುಳುಗಿಸಿ ಅರ್ಧ ಗಂಟೆಯೊಳಗೆ ಡಾಕ್ಟರ ಬಳಿ ಮುಟ್ಟಲು ನೋಡಿ.

ನೋವಿಗೆ ಲವಂಗದ ಎಣ್ಣೆ ಸುರಿಯುವುದು, ಹುಳುಕಿನೊಳಗೆ ಮಾತ್ರೆ ಪುಡಿ ತುಂಬುವುದು ಬೇಡ. ಎರಡೂ ವಸಡನ್ನು ಸುಡುತ್ತವೆ, ಎಣ್ಣೆ ಹೊಟ್ಟೆಗೆ ಹೋದರೆ ಚಿಕ್ಕ ಮಕ್ಕಳಿಗೆ ಅಪಾಯ. ಪ್ಯಾರಾಸಿಟಮಾಲ್ ಸಿರಪ್ ಕೊಡಬಹುದು, ಆದರೆ ಬಾಟಲಿ ಓದಿ ಕೊಡಿ. 5 ಮಿ.ಲೀ.ಗೆ 120 ಅಥವಾ 125 ಮಿ.ಗ್ರಾಂ ಇರುವುದೂ ಉಂಟು, 250 ಇರುವುದೂ ಉಂಟು. ಕಳೆದ ಸಲದಂತೆ ಒಂದು ಮುಚ್ಚಳ ಎಂದು ಅಳೆದರೆ ಡೋಸು ಎರಡರಷ್ಟಾಗಬಹುದು. ಲೆಕ್ಕ ತೂಕದ್ದು: ಪ್ರತಿ ಕೆ.ಜಿ.ಗೆ ಒಂದು ಸಲಕ್ಕೆ 10ರಿಂದ 15 ಮಿ.ಗ್ರಾಂ, 6 ಗಂಟೆಗಳ ಅಂತರ. 12 ಕೆ.ಜಿ. ಮಗುವಿಗೆ 120 ಮಿ.ಗ್ರಾಂ ಸಿರಪ್ ಆದರೆ 5 ಮಿ.ಲೀ., 250 ಆದರೆ ಎರಡೂವರೆ ಮಿ.ಲೀ.

## ಹಂತ 3: ಯಾರ ಹತ್ತಿರ?

ಮಕ್ಕಳ ದಂತವೈದ್ಯರು ಎಂದರೆ ಬಿಡಿಎಸ್ (ದಂತವೈದ್ಯ ಪದವಿ) ಆದ ಮೇಲೆ ಮತ್ತೆ 3 ವರ್ಷ ಮಕ್ಕಳ ಹಲ್ಲಿನ ವಿಷಯದಲ್ಲೇ ಎಂಡಿಎಸ್ (ಸ್ನಾತಕೋತ್ತರ ಪದವಿ) ಮಾಡಿದವರು. ಬೋರ್ಡಿನಲ್ಲಿ ಪೀಡೋಡಾಂಟಿಸ್ಟ್ ಎಂದಿರುತ್ತದೆ. ಹಾಸನದ ವಿದ್ಯಾನಗರದಲ್ಲಿ ಹಾಸನಾಂಬ ದಂತ ವೈದ್ಯಕೀಯ ಕಾಲೇಜು ಇದೆ. ದಂತ ಕಾಲೇಜುಗಳಲ್ಲಿ ಮಕ್ಕಳ ಹಲ್ಲಿಗೆಂದೇ ಒಂದು ವಿಭಾಗ ಇರುತ್ತದೆ. ಅಲ್ಲಿ ವಿದ್ಯಾರ್ಥಿಗಳು ಹಿರಿಯ ವೈದ್ಯರ ಕಣ್ಣೆದುರು ನೋಡುವುದರಿಂದ ಹೊತ್ತು ಹೆಚ್ಚು ಹಿಡಿಯುತ್ತದೆ. ಅರ್ಧ ದಿನ ಕೈಯಲ್ಲಿಟ್ಟುಕೊಂಡು ಹೋಗಿ. ಜಿಲ್ಲಾ ಆಸ್ಪತ್ರೆಗಳಲ್ಲೂ ದಂತ ವಿಭಾಗವಿದೆ.

ಅಂಗನವಾಡಿಗೆ ಹೋಗುವ ಮಗುವಾದರೆ ಇನ್ನೊಂದು ದಾರಿ ಇದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕು. ಅವರು ನೋಡುವ ಪಟ್ಟಿಯಲ್ಲಿ ಹುಳುಕು ಹಲ್ಲೂ ಇದೆ. ತಂಡ ಯಾವಾಗ ಬರುತ್ತದೆ ಎಂದು ಅಂಗನವಾಡಿ ಟೀಚರನ್ನು ಕೇಳಿಟ್ಟುಕೊಳ್ಳಿ. ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರೆ ಅದನ್ನು ಜೋಪಾನ ಮಾಡಿ.

ತಾಲ್ಲೂಕು ಊರಲ್ಲಿ ಮಕ್ಕಳ ತಜ್ಞರು ಸಿಗದಿದ್ದರೆ ಸಾಮಾನ್ಯ ದಂತವೈದ್ಯರೂ ಆಗುತ್ತದೆ. ಮೊದಲೇ ಫೋನ್ ಮಾಡಿ ಕೇಳಿ: ಎರಡು ವರ್ಷದ ಮಗು ನೋಡ್ತೀರಾ? ಅಮ್ಮ ಪಕ್ಕದಲ್ಲೇ ಇರಬಹುದಾ? ಮೊದಲ ದಿನ ಬರೀ ನೋಡಿ ಕಳಿಸ್ತೀರಾ? ಎರಡನೆಯ ಪ್ರಶ್ನೆಗೆ "ಇಲ್ಲ, ಮಗುನ ಒಳಗೆ ಬಿಟ್ಟು ನೀವು ಹೊರಗಿರಿ" ಎಂಬ ಉತ್ತರ ಬಂದರೆ, ಮೂರು ವರ್ಷದೊಳಗಿನ ಮಗುವಿನ ಮೊದಲ ಭೇಟಿಗೆ ಬೇರೆಯವರನ್ನು ನೋಡುವುದು ಒಳ್ಳೆಯದು.

## ಹಂತ 4: ದಿನ, ಹೊತ್ತು, ದಾರಿ

ಬೆಳಗ್ಗೆ 10–11 ಗಂಟೆ ಒಳ್ಳೆಯ ಹೊತ್ತು. ಮಗು ನಿದ್ದೆ ಮುಗಿಸಿರುತ್ತದೆ, ಹೊಟ್ಟೆ ತುಂಬಿರುತ್ತದೆ. ಮಧ್ಯಾಹ್ನ ನಿದ್ದೆಯ ಹೊತ್ತಿಗೆ ಅಪಾಯಿಂಟ್‌ಮೆಂಟ್ ಸಿಕ್ಕರೆ ಬೇಡ ಎನ್ನಿ. ಶೀತ, ಕೆಮ್ಮು ಇದ್ದರೆ ಮುಂದೂಡಿ, ಮೂಗು ಕಟ್ಟಿದ ಮಗು ಬಾಯಿ ತೆರೆದು ಮಲಗಲಾರದು. ಚುಚ್ಚುಮದ್ದು ಹಾಕಿಸಿದ ವಾರವೂ ಬೇಡ. ಬಿಳಿ ಕೋಟು ಕಂಡರೆ ಆ ನೆನಪು ಹಸಿಯಾಗಿರುತ್ತದೆ.

ದೀಪಾವಳಿಯ ಮುಂಚೆ ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಲ್ಲಿ ಹಾಸನದೊಳಗೆ ಹೊರಗಿನಿಂದ ಬರುವುದೇ ದೊಡ್ಡ ಕೆಲಸ. ಚಿಕ್ಕಮಗಳೂರಿನಲ್ಲಿ ಶನಿವಾರ, ಭಾನುವಾರ ಗಿರಿಗೆ ಹೋಗುವವರ ಗಾಡಿಗಳ ಸಾಲು. ಮಂಗಳವಾರ, ಬುಧವಾರದಂಥ ದಿನ ಆರಿಸಿ.

ದಾರಿಯ ವಿಷಯ ಯಾರೂ ಗಮನಿಸುವುದಿಲ್ಲ, ಮಲೆನಾಡಿನವರಿಗೆ ಇದು ಮುಖ್ಯ. ಸಕಲೇಶಪುರದಿಂದ ಹಾಸನ ಸುಮಾರು 40 ಕಿ.ಮೀ., ಮೂಡಿಗೆರೆಯಿಂದ ಚಿಕ್ಕಮಗಳೂರು ಸುಮಾರು 30. ಕೊಪ್ಪ, ಶೃಂಗೇರಿ ಕಡೆಯವರಿಗೆ ಇನ್ನೂ ದೂರ, ದಾರಿಯೆಲ್ಲ ತಿರುವು. ಬಸ್ಸಿನಲ್ಲಿ ವಾಂತಿ ಮಾಡಿಕೊಂಡ ಮಗುವನ್ನು ಇಳಿದ ಕೂಡಲೇ ಕುರ್ಚಿಗೆ ಒರಗಿಸಿದರೆ ಮತ್ತೆ ವಾಂತಿ ಖಚಿತ. ಅಪಾಯಿಂಟ್‌ಮೆಂಟಿಗೆ 45 ನಿಮಿಷ ಮುಂಚೆ ತಲುಪಿ, ಗಾಳಿಯಲ್ಲಿ ಓಡಾಡಿಸಿ. ವಾಂತಿಯಾಗಿದ್ದರೆ ನೀರಿನಲ್ಲಿ ಬಾಯಿ ಮುಕ್ಕಳಿಸಿದರೆ ಸಾಕು, ತಕ್ಷಣ ಬ್ರಷ್ ಬೇಡ. ಹೊಟ್ಟೆಯ ಹುಳಿಯಿಂದ ಮೆತ್ತಗಾದ ಹಲ್ಲಿನ ಮೇಲ್ಪದರ ಸವೆಯುತ್ತದೆ.

ತಿಂಡಿ ಎರಡು ಗಂಟೆ ಮುಂಚೆ ಮುಗಿದಿರಲಿ: ಒಂದೆರಡು ಇಡ್ಲಿ, ಅಥವಾ ಮೊಸರನ್ನ. ಮಂಪರು ಬರಿಸಿ ಅಥವಾ ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡುವ ಚಿಕಿತ್ಸೆಯೆಂದು ಮೊದಲೇ ಗೊತ್ತಾಗಿದ್ದರೆ ಮಾತ್ರ ಈ ಲೆಕ್ಕ ಬೇರೆ, ಡಾಕ್ಟರು ಹೇಳಿದಷ್ಟು ಗಂಟೆ ಖಾಲಿ ಹೊಟ್ಟೆ ಇರಲೇಬೇಕು.

## ಹಂತ 5: ಮನೆಯಲ್ಲಿ ಐದು ದಿನದ ತಯಾರಿ

ಇದನ್ನು ಬಿಟ್ಟವರೇ ಬಾಗಿಲಿನಿಂದ ವಾಪಸ್ಸು ಬರುವುದು. ದಿನಕ್ಕೆ ಎರಡು ನಿಮಿಷದ ಕೆಲಸ.

ಮೊದಲ ಎರಡು ದಿನ, ಎಣಿಸುವ ಆಟ. ಹಲ್ಲುಜ್ಜಿದ ಮೇಲೆ "ಆ ಅನ್ನು ಪುಟ್ಟಾ" ಎಂದು ಬೆರಳಿನಿಂದ ಒಂದೊಂದೇ ಹಲ್ಲು ಮುಟ್ಟಿ ಜೋರಾಗಿ ಎಣಿಸಿ. ಹತ್ತಕ್ಕೆ ನಿಲ್ಲಿಸಿ. ಬಾಯಿ ಎಷ್ಟು ಹೊತ್ತು ತೆರೆದಿರಬೇಕೆಂಬ ಅಂದಾಜು ಮಗುವಿಗೆ ಎಣಿಕೆಯಿಂದ ಸಿಗುತ್ತದೆ.

ಮೂರನೆಯ ದಿನ, ಚಮಚ. ಚಿಕ್ಕ ಸ್ಟೀಲ್ ಚಮಚದ ಬೆನ್ನಿನಿಂದ ಹಲ್ಲು, ಕೆನ್ನೆಯ ಒಳಭಾಗ ಮುಟ್ಟಿಸಿ. ತಣ್ಣನೆಯ ಲೋಹ ಬಾಯಿಗೆ ಬಂದಾಗ ಬೆಚ್ಚುವುದು ಇಲ್ಲೇ ಕಳೆದರೆ ಅಲ್ಲಿ ಕನ್ನಡಿ ಹೊಸದೆನಿಸುವುದಿಲ್ಲ.

ನಾಲ್ಕು, ಐದನೆಯ ದಿನ, ಮಂಡಿಗೆ ಮಂಡಿ. ಇಬ್ಬರು ದೊಡ್ಡವರು ಎದುರುಬದುರು ಕುರ್ಚಿಯಲ್ಲಿ ಮಂಡಿ ತಾಗಿಸಿ ಕುಳಿತುಕೊಳ್ಳಿ. ಮಗು ಅಮ್ಮನ ಕಡೆ ಮುಖ ಮಾಡಿ, ಸೊಂಟಕ್ಕೆ ಕಾಲು ಹಾಕಿ, ಮಡಿಲಲ್ಲಿ ಕೂರಲಿ. ಹಾಗೇ ಹಿಂದಕ್ಕೆ ಒರಗಿಸಿ, ತಲೆ ಇನ್ನೊಬ್ಬರ ತೊಡೆಗೆ ಬರಬೇಕು. ಅಮ್ಮ ಎರಡೂ ಕೈ ಹಿಡಿದು, ಮೊಣಕೈಯಿಂದ ಕಾಲುಗಳನ್ನು ಒತ್ತಿ ಹಿಡಿಯಲಿ. ಮಗುವಿಗೆ ಅಮ್ಮನ ಮುಖ ಕಾಣುತ್ತಿರುತ್ತದೆ, ತಲೆ ಹಿಡಿದವರಿಗೆ ಬಾಯಿ ಪೂರ್ತಿ ಕಾಣುತ್ತದೆ. ಮೂರು ವರ್ಷದೊಳಗಿನ ಮಕ್ಕಳನ್ನು ಡಾಕ್ಟರು ನೋಡುವುದು ಬಹುತೇಕ ಹೀಗೆಯೇ, ಹಾಗಾಗಿ ಅಲ್ಲಿ ಮಗುವಿಗೆ ಇದು ಗುರುತಿನ ಆಟವಾಗುತ್ತದೆ.

ಮಾತು ಹೇಗಿರಬೇಕು? "ನಾಳೆ ಹಲ್ಲು ಎಣಿಸೋ ಡಾಕ್ಟ್ರ ಹತ್ರ ಹೋಗೋಣ. ಪುಟ್ಟ ಕನ್ನಡಿ ಇಟ್ಟು ನಿಂಗೆ ಎಷ್ಟು ಹಲ್ಲಿದೆ ಅಂತ ಎಣಿಸ್ತಾರೆ. ನಾನು ಪಕ್ಕದಲ್ಲೇ ಇರ್ತೀನಿ." ಇಷ್ಟು ಸಾಕು. ಮೂರು ವರ್ಷದೊಳಗಿನ ಮಗುವಿಗೆ ಹಿಂದಿನ ದಿನ ಅಥವಾ ಅವತ್ತು ಬೆಳಗ್ಗೆ ಹೇಳಿ, ನಾಲ್ಕೈದು ವರ್ಷದ್ದಕ್ಕೆ ಎರಡು ದಿನ ಮುಂಚೆ.

"ನೋವಾಗಲ್ಲ", "ಹೆದರ್ಬೇಡ", "ಸೂಜಿ ಹಾಕಲ್ಲ" ಎನ್ನಬೇಡಿ. ಮಗುವಿನ ಕಿವಿಗೆ ಬೀಳುವುದು ನೋವು, ಹೆದರಿಕೆ, ಸೂಜಿ ಎಂಬ ಪದಗಳು ಮಾತ್ರ. ಅಲ್ಲಿಯವರೆಗೆ ಅದರ ತಲೆಯಲ್ಲಿ ಸೂಜಿ ಇರಲೇ ಇಲ್ಲ. "ಊಟ ಮಾಡದಿದ್ರೆ ಡಾಕ್ಟ್ರ ಹತ್ರ ಸೂಜಿ ಚುಚ್ಚಿಸ್ತೀನಿ" ಎಂದು ವರ್ಷವಿಡೀ ಹೆದರಿಸಿದ ಮನೆಯಲ್ಲಿ ಐದು ದಿನದ ತಯಾರಿ ಸಾಲದು, ಅದನ್ನು ಮೊದಲು ನಿಲ್ಲಿಸಿ ಒಂದು ತಿಂಗಳು ಬಿಡಿ. ಅಜ್ಜಿ, ತಾತ, ದೊಡ್ಡಪ್ಪನಿಗೂ ಮುಂಚೆಯೇ ಹೇಳಿಡಿ: ತಮ್ಮ ಹಲ್ಲು ಕಿತ್ತ ಕಥೆ ಆ ವಾರ ಮಗುವಿನ ಎದುರು ಬೇಡ. ಚಾಕಲೇಟಿನ ಆಸೆಯೂ ಬೇಡ, ಲಂಚ ಕೊಡುತ್ತಾರೆ ಎಂದರೆ ಏನೋ ಕಷ್ಟವಿದೆ ಎಂದು ಮಕ್ಕಳು ಬೇಗ ಊಹಿಸುತ್ತವೆ.

ಮಿಕ್ಸಿ, ಕುಕ್ಕರ್ ಸದ್ದಿಗೇ ಕಿವಿ ಮುಚ್ಚಿಕೊಳ್ಳುವ ಮಗುವಾದರೆ ಡಾಕ್ಟರಿಗೆ ಫೋನಿನಲ್ಲೇ ತಿಳಿಸಿ. ಯಂತ್ರ ಓಡದ ಹೊತ್ತಿಗೆ ಕರೆಯುತ್ತಾರೆ.

## ಹಂತ 6: ಚೀಲ

ತಾಯಿ ಕಾರ್ಡ್ ಅಥವಾ ಲಸಿಕೆ ಕಾರ್ಡ್, ಮಗು ಈಗ ಕುಡಿಯುತ್ತಿರುವ ಔಷಧಿಗಳ ಬಾಟಲಿಗಳು, ಮನೆಯ ಬ್ರಷ್ ಮತ್ತು ಪೇಸ್ಟು, ಒಂದು ಜೊತೆ ಬಟ್ಟೆ, ಟವೆಲ್, ಇಷ್ಟದ ಆಟಿಕೆ. ಸರ್ಕಾರಿ ಆಸ್ಪತ್ರೆಗಾದರೆ ಆಧಾರ್, ರೇಷನ್ ಕಾರ್ಡ್ ಕೂಡ.

ಹೃದಯದ ತೊಂದರೆ, ಫಿಟ್ಸ್, ಉಬ್ಬಸ, ಗಾಯವಾದರೆ ರಕ್ತ ಬೇಗ ನಿಲ್ಲದಿರುವುದು, ಯಾವುದಾದರೂ ಔಷಧಿಗೆ ಅಲರ್ಜಿ ಇದ್ದರೆ ಚೀಟಿಯಲ್ಲಿ ಬರೆದು ಒಯ್ಯಿರಿ. ಹೃದಯದಲ್ಲಿ ರಂಧ್ರವಿದ್ದು ಈಗ ಸರಿಯಾಗಿದೆ ಎಂದುಕೊಂಡು ಮುಚ್ಚಿಡಬೇಡಿ. ಕೆಲವು ಮಕ್ಕಳಿಗೆ ಹಲ್ಲು ಕೀಳುವ ಮುನ್ನ ಆಂಟಿಬಯೋಟಿಕ್ ಕೊಡಬೇಕಾಗುತ್ತದೆ.

## ಹಂತ 7: ಕುರ್ಚಿಯ ಬಳಿ

ಮಗುವಿನ ಜೊತೆ ಒಬ್ಬರೇ ಒಳಗೆ ಹೋಗಿ. ಅಪ್ಪ ಒಂದು, ಅಜ್ಜಿ ಒಂದು ಹೇಳುತ್ತಿದ್ದರೆ ಡಾಕ್ಟರ ಮಾತು ಮಗುವಿಗೆ ಕೇಳುವುದೇ ಇಲ್ಲ. ನಿಮಗೇ ಡಾಕ್ಟರ ಕುರ್ಚಿ ಕಂಡರೆ ಕೈ ನಡುಗುವುದಾದರೆ ಮನೆಯ ಇನ್ನೊಬ್ಬರನ್ನು ಕಳಿಸಿ, ನಿಮ್ಮ ಬಿಗಿದ ಕೈ ಮಗುವಿಗೆ ಗೊತ್ತಾಗುತ್ತದೆ.

ಮಗುವಿಗೆ ಅರ್ಥವಾಗುವ ವಯಸ್ಸಾಗಿದ್ದರೆ ಡಾಕ್ಟರು ಮೊದಲು ಹೇಳುತ್ತಾರೆ, ಆಮೇಲೆ ಉಪಕರಣ ತೋರಿಸುತ್ತಾರೆ, ಬೆರಳಿನ ಉಗುರಿನ ಮೇಲೆ ಮುಟ್ಟಿಸುತ್ತಾರೆ, ಕೊನೆಗೆ ಬಾಯಿಗೆ. ನಡುವೆ ನೀವು "ಬೇಗ ಬಾಯಿ ತೆಗಿ" ಎಂದು ಅವಸರಪಡಿಸಬೇಡಿ.

ಅಳುವುದು ಸೋಲಲ್ಲ. ಎರಡು ವರ್ಷದ ಮಗು ಅಪರಿಚಿತರ ತೊಡೆ ಮೇಲೆ ಅಳುವುದು ಸಹಜ, ಅಳುವಾಗ ಬಾಯಿ ತೆರೆದಿರುವುದರಿಂದ ಹಲ್ಲೆಲ್ಲ ಕಾಣುತ್ತದೆ. ನೋಡುವ ಕೆಲಸ ಒಂದೆರಡು ನಿಮಿಷದ್ದು. ಬೈಯಬೇಡಿ, "ನೋಡು ಆ ಮಗು ಎಷ್ಟು ಜಾಣ" ಎನ್ನಬೇಡಿ. ಮುಗಿದ ಕೂಡಲೇ ಎತ್ತಿ ಎದೆಗೊರಗಿಸಿಕೊಳ್ಳಿ.

ನೋವು, ಬಾವು ಇಲ್ಲದ ಮಗುವಿಗೆ ಮೊದಲ ದಿನವೇ ಕೊರೆಯುವ ಕೆಲಸ ಹಿಡಿಯುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. "ದೂರದಿಂದ ಬಂದಿದ್ದೀವಿ, ಇವತ್ತೇ ಎಲ್ಲ ಮುಗಿಸಿಬಿಡಿ" ಎಂದು ಒತ್ತಾಯ ಮಾಡುವುದು ಹೆಚ್ಚಾಗಿ ನಾವೇ. ಎರಡನೆಯ ಬಸ್ ಚಾರ್ಜು ಉಳಿಸಲು ಹೋಗಿ ಮುಂದಿನ ಎಲ್ಲ ಭೇಟಿಗಳನ್ನು ಕಳೆದುಕೊಳ್ಳುತ್ತೇವೆ.

## ಹಂತ 8: ಡಾಕ್ಟರು ಹೇಳಿದ್ದನ್ನು ಅರ್ಥ ಮಾಡಿಕೊಳ್ಳಿ

ಕೇಳಿದ್ದಕ್ಕೆ ನಿಜ ಹೇಳಿ. ಮಲಗುವ ಮುನ್ನ ಸಕ್ಕರೆ ಹಾಕಿದ ಹಾಲು, ಕಾಫಿಯಲ್ಲಿ ಅದ್ದಿದ ಬಿಸ್ಕತ್ತು, ನಿಪ್ಪಲ್ಲಿಗೆ ಸವರಿದ ಜೇನು, ಇವನ್ನು ಮುಚ್ಚಿಟ್ಟರೆ ಸಿಮೆಂಟ್ ಹಾಕಿದ ಹಲ್ಲು ಮತ್ತೆ ಹುಳುಕಾಗುತ್ತದೆ. ಅಂದಹಾಗೆ, ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡುವುದೇ ತಪ್ಪು.

ಫ್ಲೋರೈಡ್ ವಾರ್ನಿಶ್: ಹಲ್ಲಿಗೆ ಬ್ರಷ್‌ನಿಂದ ಸವರುವ ಅಂಟು ದ್ರವ. ಹಲ್ಲು ಒಂದು ದಿನ ಹಳದಿ ಕಾಣಬಹುದು. ಅವತ್ತು ಬಿಸಿ ಹಾಲು, ಗಟ್ಟಿ ತಿಂಡಿ ಬೇಡ, ಬ್ರಷ್ ಮರುದಿನ ಬೆಳಗ್ಗೆ.

ಬೆಳ್ಳಿ ಔಷಧಿ: ಸಿಲ್ವರ್ ಡೈಅಮೈನ್ ಫ್ಲೋರೈಡ್. ಕೊರೆಯದೆ ಹುಳುಕನ್ನು ನಿಲ್ಲಿಸಲು ಹಚ್ಚುತ್ತಾರೆ. ಹುಳುಕಿನ ಭಾಗ ಕಾಯಂ ಕಪ್ಪಾಗುತ್ತದೆ. ಅದು ಮೊದಲೇ ಗೊತ್ತಿರಲಿ, ಮುಂದಿನ ಹಲ್ಲಿಗಾದರೆ ಯೋಚಿಸಿ ಒಪ್ಪಿಕೊಳ್ಳಿ.

ಸ್ಟೀಲ್ ಕ್ಯಾಪ್: ದವಡೆ ಹಲ್ಲು ತುಂಬಾ ಸವೆದಿದ್ದರೆ ಅಥವಾ ಬೇರಿನ ಚಿಕಿತ್ಸೆ ಆಗಿದ್ದರೆ. ಹಲ್ಲು ತನ್ನ ಕಾಲಕ್ಕೆ ಬೀಳುವಾಗ ಕ್ಯಾಪೂ ಜೊತೆಗೇ ಬೀಳುತ್ತದೆ.

ಕೀಳುವುದು: ಕೀಳಲೇಬೇಕು ಎಂದರೆ ಜಾಗ ಹಿಡಿದಿಡುವ ಕ್ಲಿಪ್ ಬೇಕೇ ಎಂದು ಅಲ್ಲೇ ಕೇಳಿ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಿದ್ದರೆ ಎರಡು ಮೂರು ಗಂಟೆ ಕಣ್ಣಿಟ್ಟಿರಿ. ಅರಿವಿಲ್ಲದ ತುಟಿಯನ್ನು ಮಕ್ಕಳು ಆಟಕ್ಕೆಂಬಂತೆ ಕಚ್ಚಿಕೊಂಡು ಮರುದಿನ ದೊಡ್ಡ ಹುಣ್ಣು ಮಾಡಿಕೊಳ್ಳುತ್ತವೆ. ಮರಗಟ್ಟಿದ್ದು ಬಿಡುವವರೆಗೆ ಅಗಿಯುವ ತಿಂಡಿ ಕೊಡಬೇಡಿ.

## ಹಂತ 9: ಮನೆಗೆ ಬಂದ ಮೇಲೆ

ಪೇಸ್ಟಿನ ಪೆಟ್ಟಿಗೆ ಓದಿ. ಮಕ್ಕಳ ಪೇಸ್ಟ್ ಎಂದು ಮಾರುವ ಕೆಲವದರಲ್ಲಿ ಫ್ಲೋರೈಡ್ ಇರುವುದೇ ಇಲ್ಲ. 1000 ಪಿಪಿಎಂ (ಹತ್ತು ಲಕ್ಷಕ್ಕೆ ಸಾವಿರ ಪಾಲು) ಆಸುಪಾಸು ಫ್ಲೋರೈಡ್ ಇರುವುದು ಬೇಕು. ಮೂರು ವರ್ಷದೊಳಗೆ ಒಂದು ಅಕ್ಕಿ ಕಾಳಿನಷ್ಟು, 3ರಿಂದ 6 ವರ್ಷಕ್ಕೆ ಬಟಾಣಿಯಷ್ಟು. ಜಾಹೀರಾತಿನಂತೆ ಬ್ರಷ್ ಉದ್ದಕ್ಕೂ ಹಾಕುವುದು ಬೇಡ. ಫ್ಲೋರೈಡ್ ಹೆಚ್ಚಿರುವ ನೀರಿನ ಊರಿನವರು ಡಾಕ್ಟರು ಹೇಳಿದ್ದನ್ನೇ ಬಳಸಿ.

ಏಳೆಂಟು ವರ್ಷದವರೆಗೆ ಉಜ್ಜಬೇಕಾದವರು ನೀವು. ಮಗು ತಾನೇ ಉಜ್ಜಿಕೊಳ್ಳಲಿ, ಆಮೇಲೆ ನೀವು ಒಂದು ಸುತ್ತು ಉಜ್ಜಿ. ಬೆಳಗಿನದು ತಪ್ಪಿದರೂ ರಾತ್ರಿಯದು ತಪ್ಪಬಾರದು: ನಿದ್ದೆಯಲ್ಲಿ ಎಂಜಲು ಕಡಿಮೆಯಾಗುವುದರಿಂದ ಹಲ್ಲಿನ ಮೇಲೆ ಉಳಿದ ಸಿಹಿ ರಾತ್ರಿಯಿಡೀ ಅಲ್ಲೇ ಇರುತ್ತದೆ. ಉಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಇಲ್ಲ. ಬಾಟಲಿ ಬಿಡಿಸಲಾಗದಿದ್ದರೆ ಒಂದೇ ದಿನಕ್ಕೆ ಕಿತ್ತುಕೊಳ್ಳದೆ, ವಾರವಾರಕ್ಕೆ ಹಾಲಿಗೆ ನೀರು ಹೆಚ್ಚಿಸುತ್ತ ಕೊನೆಗೆ ಬರೀ ನೀರಿಗೆ ತನ್ನಿ. ಕೆಮ್ಮಿನ ಸಿರಪ್ಪಿನಲ್ಲೂ ಸಕ್ಕರೆ ಇರುತ್ತದೆ, ಕುಡಿಸಿದ ಮೇಲೆ ಎರಡು ಗುಟುಕು ನೀರು.

ತಿಂಗಳಿಗೊಮ್ಮೆ ತುಟಿ ಎತ್ತಿ ನೋಡುವುದನ್ನು ಬಿಡಬೇಡಿ. ಮುಂದಿನ ಭೇಟಿ 6 ತಿಂಗಳಿಗೆ, ಬಿಳಿ ಗೆರೆಯೋ ಹುಳುಕೋ ಕಂಡಿದ್ದರೆ 3 ತಿಂಗಳಿಗೆ. ಕ್ಲಿನಿಕ್‌ನಿಂದ ಹೊರಡುವ ಮುನ್ನವೇ ತಾರೀಖು ಕೇಳಿ, ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಮಗುವಿನ ಕೈಯಿಂದಲೇ ಗುರುತು ಹಾಕಿಸಿ.